ತಾನೇ ಹುಯ್ಯುವ ಪಂಪು

ಸಾಕಮ್ಮ ಎಂದಿನಂತೆ ಹತ್ತು ಗಂಟೆಗೆ ತುಂಬಿದ ಕೆಟಲು ಹಿಡಿದು ಹಿತ್ತಲಿನ ಶೆಡ್ಡಿಗೆ ಬಂದಾಗ ಕಬ್ಬಿಣ ಕಡೆಯುವ ಲೇತ್ ಆಗಲೇ ತಿರುಗುತ್ತಿತ್ತು. ಅದರ ಜೊತೆಗೆ ಇದುವರೆಗೆ ಕೇಳದ ಇನ್ನೊಂದು ಸದ್ದೂ ಗುರ್ ಎನ್ನುತ್ತಿತ್ತು. ಅವಳು ಹೊಸ್ತಿಲಲ್ಲೇ ನಿಂತಳು.

"ಇದೇನ್ರೀ ಸದ್ದು?"

"ಪಂಪು ಕಣಮ್ಮಿ." ಜವರಪ್ಪ ಎರಡನ್ನೂ ನಿಲ್ಲಿಸಿದ. "ಇನ್ಮೇಲೆ ನೀನು ನಿಂತ್ಕಂಡು ಹುಯ್ಯಂಗಿಲ್ಲ. ಅದೇ ಹುಯ್ಕತದೆ."

ಹೆಂಡತಿಗೆ ಸೀರೆ ತಂದವನ ಹಾಗೆ ಹೇಳಿದನಾದರೂ ಒಳಗೆ ಅಳುಕಿತ್ತು. ಕೆಟ್ಟುಹೋದ ಏರ್ ಕೂಲರಿನ ಪಂಪು, ಪೇಂಟಿನ ಬಕೆಟ್ಟು, ಗಾರೆಯವರು ಬಿಟ್ಟುಹೋದ ಲೆವೆಲ್ ಪೈಪು, ಕಬ್ಬಿಣದ ಚೂರು ತಡೆಯಲು ಅವಳದೇ ಟೀ ಸೋಸುವ ಜಾಲರಿ. ಇಷ್ಟನ್ನು ಕೂಡಿಸಲು ಒಂದು ವಾರ ಒದ್ದಾಡಿದ್ದ. ಕೆಟಲಿನ ಮೂತಿಯಷ್ಟು ದಪ್ಪ ಧಾರೆ ಬೇಕಿಲ್ಲ, ದಾರದೆಳೆಯಷ್ಟು ಬಿದ್ದರೆ ಸಾಕು ಎಂದು ಪೈಪಿನ ತುದಿಗೆ ಸಣ್ಣ ಹಿತ್ತಾಳೆ ಮೂತಿಯನ್ನೂ ಕಡೆದು ಕೂರಿಸಿದ್ದ. ಅದರ ಮೇಲೆ ಅವನಿಗೆ ಬಲು ಹೆಮ್ಮೆ.

ಮೇಟಗಳ್ಳಿಯ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ನಿವೃತ್ತನಾದ ಮೇಲೆ ಅವನು ಈ ಹಳೇ ಲೇತನ್ನು ಸಿದ್ಧಾರ್ಥನಗರದ ಮನೆಗೆ ತಂದು ಹನ್ನೊಂದು ವರ್ಷವಾಗಿತ್ತು. ಅಂದಿನಿಂದಲೂ, ಉಕ್ಕು ಕಡೆಯುವ ಟೂಲಿನ ತುದಿ ಸುಡದಂತೆ ಅದರ ಮೇಲೆ ಎಣ್ಣೆ ಬೆರೆಸಿದ ನೀರು ಹುಯ್ಯುವ ಕೆಲಸ ಸಾಕಮ್ಮನದು. ಬೆಳ್ಳಗಿನ ನೀರು, ಇಬ್ಬರೂ ಅದನ್ನು ಹಾಲು ಎಂದೇ ಕರೆಯುತ್ತಿದ್ದರು. ಹುಯ್ಯುತ್ತಾ ಅವಳು ಬೀದಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು, ಅವನು ಹೂಂಗುಡುತ್ತಿದ್ದ. ದಿನಾ ಶೆಡ್ಡಿನಲ್ಲಿ ಕಳೆಯುವ ಆ ಎರಡು ಗಂಟೆ ಬಿಟ್ಟರೆ ಅವರ ನಡುವೆ ಉಳಿಯುತ್ತಿದ್ದ ಮಾತು ಅಷ್ಟಕ್ಕಷ್ಟೆ.

ಈ ಸಲದ ಬುದ್ಧ ಪೂರ್ಣಿಮೆಯ ದಿನ ಅವಳು ಬೆಂಕಿಕಡ್ಡಿಯನ್ನು ಮೇಣದಬತ್ತಿಯ ಪಕ್ಕಕ್ಕೆ ಹಿಡಿದು, ಉರಿ ಬೆರಳಿಗೆ ತಾಗುವವರೆಗೂ ಕಾದದ್ದನ್ನು ಜವರಪ್ಪ ನೋಡಿದ್ದ. ಆಮೇಲೆ ಶೆಡ್ಡಿನಲ್ಲೂ ಹಾಲು ಒಂದೊಂದು ಬೆರಳು ಆಚೆಗೆ ಬೀಳತೊಡಗಿತು. ಟೂಲು ಸುಟ್ಟು ನೀಲಿಯಾಗುತ್ತಿತ್ತು. ಅವನು ಟೂಲನ್ನೇ ಬೈದ. ಕಣ್ಣಿಗೇನಾಗಿದೆ ಎಂದು ಕೇಳಲು ನಾಲಿಗೆ ಏಳಲಿಲ್ಲ. ಬಾಯಲ್ಲಿ ಆಡಬೇಕಾದ್ದನ್ನೆಲ್ಲ ಕೈಯಲ್ಲಿ ಮಾಡಿ ಮುಗಿಸುವ ಜಾತಿಯ ಮನುಷ್ಯ. ಮಗಳು ಸಂಘಮಿತ್ರ ಹುಟ್ಟಿದಾಗಲೂ ತೊಟ್ಟಿಲಿಗೆ ನಾಲ್ಕು ಹಿತ್ತಾಳೆ ಗುಂಡು ಕಡೆದು ತಂದನೇ ಹೊರತು ಖುಷಿಯಾಯಿತು ಎಂದವನಲ್ಲ. ಈಗ ಪಂಪು ಮಾಡಿದ್ದ.

"ಕೈ ನೋಯ್ತದಲ್ವಾ ನಿಂಗೆ, ಅದಕ್ಕೇ ಮಾಡ್ದೆ," ಎಂದ.

"ಕೈ ನೋಯ್ತದೆ ಅಂತ ನಾನ್ಯಾವತ್ತಂದೆ?"

ಜವರಪ್ಪ ಅರಿವೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ. ಸಾಕಮ್ಮ ಗೋಡೆ ಮುಟ್ಟಿ, ಬೆಂಚಿನ ಅಂಚು ಮುಟ್ಟಿ, ತಾನು ದಿನಾ ನಿಲ್ಲುವ ಮರದ ಹಲಗೆಯ ಮೇಲೆ ಬಂದು ನಿಂತಳು.

"ಯಾವಾಗಿಂದ ಗೊತ್ತು ನಿಮ್ಗೆ?"

"ಪೂರ್ಣಿಮೆಯಿಂದ."

"ಅಲ್ಲಿಂದ್ಲೂ ಬಾಯಿ ಮುಚ್ಕಂಡಿದ್ರಾ!" ಅವಳು ನಗಲು ನೋಡಿದಳು, ಆಗಲಿಲ್ಲ. "ಸಂಘಮಿತ್ರನ್ನ ಕರ್ಕಂಡು ಕಣ್ಣಾಸ್ಪತ್ರೆಗೆ ಹೋಗಿದ್ದೆ. ಕಣ್ಣಿನ ನರ ಒಣಗದೆ, ಹೋಗಿರೋದು ವಾಪಸ್ ಬರಲ್ಲ ಅಂದ್ರು. ಮಿಕ್ಕಿರೋದೂ ಎಷ್ಟು ದಿನ ಅಂತ ಹೇಳಕ್ಕಾಗಲ್ವಂತೆ. ಅಪ್ಪಂಗೆ ಹೇಳ್ಬ್ಯಾಡ ಕಣವ್ವ ಅಂತ ನಾನೇ ಅವಳ ಬಾಯಿ ಕಟ್ಟಾಕಿದ್ದೆ."

"ನಂಗ್ಯಾಕಮ್ಮಿ ಮುಚ್ಚಿಟ್ಟೆ?"

"ಹೇಳಿದ್ರೆ ಶೆಡ್ಡಿಗೆ ಬರಬ್ಯಾಡ ಅಂದ್ಬುಡ್ತಿದ್ರಿ. ಮನೇಲೆಲ್ಲಾ ಮಬ್ಬು ಕಣ್ರೀ. ನಿಮ್ಮ ಮುಖಾನೂ ಮಬ್ಬು. ಈ ಹಾಲು ಬೀಳೋದೊಂದೇ ಬೆಳ್ಳಗೆ ಕಾಣ್ತಿತ್ತು. ಅದನ್ನ ನೋಡಕ್ಕೇ ಬತ್ತಿದ್ದೆ."

ಮೂರು ತಿಂಗಳು ಒಂದು ಮಾತಿಗೆ ಹೆದರಿದ್ದ ಜವರಪ್ಪ, ಕೊನೆಗೆ ತನ್ನ ಕೈಯಾರೆ ಅವಳಿಗೆ ಉಳಿದಿದ್ದ ಒಂದನ್ನೂ ಕಿತ್ತುಕೊಂಡಿದ್ದ. ನಾಚಿಕೆಯಾಯಿತು. ಬಕೆಟ್ಟಿನ ಕಡೆ ಬಗ್ಗಿದ.

"ಕಿತ್ತಾಕ್ತೀನಿ ಬುಡು ಇದನ್ನ."

"ಬ್ಯಾಡಿ. ನಾನುಯ್ದರೆ ಟೂಲು ಸುಟ್ಟೋಯ್ತದೆ, ನಂಗೊತ್ತಿಲ್ವಾ?" ಕೆಟಲನ್ನು ತಡವಿ ಬೆಂಚಿನ ಮೇಲಿಟ್ಟು ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಹಾಕಿ. ಎಂಗೆ ಬೀಳ್ತದೋ ನೋಡಾನ. ಒಂದ್ವಾರ ಕುಂತು ಮಾಡಿದ್ದೀರಿ."

ಬೇರೆ ದಾರಿ ಕಾಣದೆ ಅವನು ಸ್ವಿಚ್ ಒತ್ತಿದ. ಪಂಪು ಗುರ್ ಎಂದಿತು. ಹಿತ್ತಾಳೆ ಮೂತಿಯಿಂದ ದಾರದೆಳೆಯಷ್ಟು ಸಣ್ಣಗೆ, ಒಂದಿಷ್ಟೂ ಅಲುಗದೆ, ಬಿಳಿಯ ಧಾರೆ ಸರಿಯಾಗಿ ಟೂಲಿನ ತುದಿಗೇ ಬೀಳತೊಡಗಿತು. ಒಂದು ಹನಿ ಆಚೀಚೆ ಇಲ್ಲ. ಸಾಕಮ್ಮ ಬಗ್ಗಿದಳು. ಮುಖವನ್ನು ಇನ್ನೂ ಹತ್ತಿರಕ್ಕೆ, ಧಾರೆಯಿಂದ ಒಂದು ಗೇಣಿನಷ್ಟು ಹತ್ತಿರಕ್ಕೆ ತಂದಳು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

"ಪಂಪೇನೋ ಓಡ್ತಾ ಅದೆ," ಎಂದಳು. "ಹಾಲೆಲ್ರೀ?"