ಅಪ್ಪನ ಸೀಸೆ

ಆ ಕಾಲದಲ್ಲಿ ಸತ್ತವರ ಕೊನೆಯುಸಿರನ್ನು ಸೀಸೆಯಲ್ಲಿ ಹಿಡಿದಿಟ್ಟರೆ ಅದು ಮಾತಾಡುತ್ತಿತ್ತು. ವಿಷಾನಿಲ ಸೋರಿದಲ್ಲಿಗೆ ನುಗ್ಗುವ ಪಡೆಯ ತರಬೇತಿಗೆ ಆ ಸೀಸೆಗಳೇ ಪುಸ್ತಕಗಳು. ಗುರು ಶಿವಪುತ್ರಪ್ಪ ಅಂದು ಬಿರಡೆ ತೆಗೆದದ್ದು ತರಬೇತಿಗೆ ಬಂದಿದ್ದ ಗುರುಬಾಯಿಯ ಅಪ್ಪನ ಸೀಸೆಯದು; ಅವನೂ ಅದೇ ಪಡೆಯಲ್ಲಿದ್ದು ಸತ್ತವನು.

“ಭೂತಾಯಿ, ಕಾಯವ್ವ,” ಎಂದಿತು ಉಸಿರು.

“ತಪ್ಪೇನು ಮಾಡ್ಯಾನ, ಹೇಳವ್ವ,” ಎಂದು ಶಿವಪುತ್ರಪ್ಪ ಗುರುಬಾಯಿಯನ್ನು ಕೇಳಿದರು.

“ಒಳಗ ಹೋಗೂ ಮುಂದ ಮಾಸ್ಕ್ ತಗದು ನೆಲಕ್ಕ ಹಣಿ ಹಚ್ಯಾನ್ರಿ. ನಮ್ಮ ಮನಿತನದ ರೂಢಿ. ಕ್ಲೋರಿನ್ ನೆಲಾ ಹಿಡದು ಮಲಗಿತ್ತು.”

“ಶಾಣ್ಯಾಕಿ. ನೀ ಹಂಗ ಮಾಡಬ್ಯಾಡ.”

“ಇಲ್ರಿ.”

ಮೂರನೆಯ ದಿನ ಕಾರ್ಖಾನೆಯಲ್ಲಿ ಕ್ಲೋರಿನ್ ಸೋರಿತು. ಎಲ್ಲರಿಗಿಂತ ಮುಂದೆ ಹೊಸ್ತಿಲು ಮುಟ್ಟಿದ ಗುರುಬಾಯಿಯ ಕೈ ತಾನಾಗಿಯೇ ಮಾಸ್ಕಿನ ಪಟ್ಟಿಗೆ ಹೋಯಿತು. ಹಿಂದಿನಿಂದ ಶಿವಪುತ್ರಪ್ಪ ಕೂಗಿದರು. ಮಾಸ್ಕಿನೊಳಗಿನ ಕೂಗು ಅವಳಿಗೆ ಕೇಳಲಿಲ್ಲ. ಅವಳು ಮಾಸ್ಕ್ ತೆಗೆದು ನೆಲಕ್ಕೆ ಬಾಗಿದಳು.

ಅವರು ಚೀಲದಿಂದ ಖಾಲಿ ಸೀಸೆ ತೆಗೆದು ಅವಳತ್ತ ಓಡಿದರು.