ಒಂದೇ ಪಾತ್ರೆ

ಮದುವೆಯಾದ ಮುಂದಿನ ಭಾನುವಾರ ಎರಡೂ ಮನೆಯವರು ಒಟ್ಟಿಗೆ ಮೊಣಕಾಲೂರಿ ಪ್ರಭುಭೋಜನ ತೆಗೆದುಕೊಳ್ಳುವುದು ನಮ್ಮ ಸಭೆಯ ಪದ್ಧತಿ. ಎಲ್ಲರೂ ದ್ರಾಕ್ಷಾರಸ ಕುಡಿಯುವುದು ಒಂದೇ ಪಾತ್ರೆಯಿಂದ.

ಆರಾಧನೆಗೆ ಮುಂಚೆ ವರನ ತಾಯಿ ಸುಗುಣಮ್ಮ ಪಾದ್ರಿ ಅಯ್ಯನವರ ಕೋಣೆಗೆ ಹೋದರು.

"ಅಯ್ಯನವರೇ, ಪಾತ್ರೆ ನನ್ನ ಕಡೆಯಿಂದ ಶುರು ಮಾಡಿ."

"ಯಾಕಮ್ಮ?"

"ಹೇಳೋಕೆ ನಾಚಿಕೆ. ಬೀಗಿತ್ತಿ ರೂತಮ್ಮ ಕೇರಿಯವರು. ದೇವರ ಮುಂದೆ ಎಲ್ಲರೂ ಒಂದೇ, ಅದಕ್ಕೇ ಮದುವೆಗೆ ಒಪ್ಪಿದೆ. ಆದ್ರೆ ಎಂಜಲು ಅಂದ್ರೆ ಆಗಲ್ಲ."

"ಅವರ ಮನೇಲಿ ಕಾಫೀನೂ ಕುಡೀಲಿಲ್ಲವಂತೆ?"

"ಉಪವಾಸ ಅಂದೆ. ಪಾಪ, ನಂಬಿದ್ರು."

ಬೀಗಿತ್ತಿಯರಿಬ್ಬರೂ ವೇದಿಯ ಮುಂದೆ ಅಕ್ಕಪಕ್ಕ ಮೊಣಕಾಲೂರಿದಾಗ ಅಯ್ಯನವರು ಪಾತ್ರೆಯನ್ನು ಮೊದಲು ರೂತಮ್ಮನವರ ಕಡೆಗೇ ಒಯ್ದರು. ಸುಗುಣಮ್ಮ ಕಣ್ಣು ಮುಚ್ಚಿಕೊಂಡರು. ಪಾತ್ರೆ ತಮ್ಮ ಬಾಯಿಗೆ ಬಂದಾಗ ತುಟಿ ಬಿಗಿಹಿಡಿದು, ಕುಡಿದವರಂತೆ ತಲೆ ಬಾಗಿಸಿದರು. ಇನ್ನೊಂದು ಪಕ್ಕದಲ್ಲಿದ್ದ ಮಗ ಸಂತೋಷದಿಂದ ಅಮ್ಮನ ಕೈ ಅದುಮಿದ.

ಆರಾಧನೆ ಮುಗಿದ ಮೇಲೆ ಸುಗುಣಮ್ಮ ಮತ್ತೆ ಕೋಣೆಗೆ ಬಂದರು. ಅಯ್ಯನವರು ಬಿಳಿ ಬಟ್ಟೆಯಿಂದ ಪಾತ್ರೆ ಒರೆಸುತ್ತಿದ್ದರು.

"ನಾನು ಕುಡೀಲಿಲ್ಲ, ಅಯ್ಯನವರೇ. ಮಗನ ಪಕ್ಕದಲ್ಲೇ ಕುಡಿದ ಹಾಗೆ ನಟಿಸಿದೆ. ಅಷ್ಟು ಕೇಳಿಕೊಂಡ್ರೂ ನೀವು ಅವರಿಗೇ ಮೊದಲು ಕೊಟ್ರಲ್ಲ!"

"ಕೊಡೋಕೆ ಹೋದೆ. ಅವರು ಪಾತ್ರೆಗೆ ಕೈ ಅಡ್ಡ ಹಿಡಿದು, ಪಿಸುಮಾತಲ್ಲಿ 'ಬೀಗಿತ್ತಿಯವರು ಮೊದಲು ಕುಡೀಲಿ, ಅವರು ಕುಡಿದದ್ದನ್ನೇ ಆಮೇಲೆ ನನಗೆ ಕೊಡಿ' ಅಂದ್ರಮ್ಮ."