ಹೂಂ ಅಂದ ಮನೆಗಳು

"ಲಾಂಡ್ರಿ ನಮಗ್ಯಾಕ ಬೇಕ ತಂಗಿ? ಬಟ್ಟಿ ಎಲ್ಲಾ ನಾನೇ ಒಗೀತೇನಿ," ಎಂದಳು ಶೇವಂತೆವ್ವ, ಚಹಾದ ಕಪ್ಪು ಚಾಚುತ್ತ.

ಕರುಣಾಳ ಪೆನ್ನು ನಿಂತಿತು. ಬೆಂಗೇರಿಯಲ್ಲಿ ಲಾಂಡ್ರಿ ಹಾಕಿದರೆ ನಡೆದೀತೇ ಎಂದು ಇನ್ನೂರು ಮನೆ ಕೇಳಿ, ನೌಕರಿ ಬಿಟ್ಟು ಅದನ್ನು ಹಾಕಲು ಹೊರಟ ಹುಲಗೇಶನಿಗೆ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಟ್ಟವಳು ಅವಳೇ. ಇವತ್ತು ಬಂದದ್ದು ಈ ಮನೆಯ ಸರ್ವೆ ಫಾರ್ಮಿನಲ್ಲಿ ಬಿಟ್ಟುಹೋದ ಒಂದು ಫೋನ್ ನಂಬರಿಗಾಗಿ ಮಾತ್ರ.

"ಮತ್ತ ಅವತ್ತು ಹೂಂ, ಬಟ್ಟಿ ಕೊಡ್ತೇವಿ ಅಂದಿದ್ರಲ್ರಿ?"

"ಬಿಸಲಾಗ ಬಾಗಲಕ್ಕ ಬಂದಿದ್ದಿ. ಇಲ್ಲ ಅಂದು ಹ್ಯಾಂಗ ಕಳಸೂದು? ಓಣ್ಯಾಗ ಎಲ್ಲಾರೂ ಹಂಗ ಅಂದೇವಿ."

ಕರುಣಾ ನೆನಪಿಸಿಕೊಂಡಳು. ಎಲ್ಲ ಮನೆಗಳಲ್ಲೂ ಚಹಾ ಕೊಟ್ಟಿದ್ದರು. ಒಬ್ಬರೂ ಇಲ್ಲ ಅಂದಿರಲಿಲ್ಲ.

ಅಷ್ಟರಲ್ಲಿ ಹುಲಗೇಶನ ಫೋನ್ ಬಂತು. "ಮೇಡಂ, ರಾಜೀನಾಮೆ ಹಿಡ್ಕೊಂಡು ಸಾಹೇಬರ ಬಾಗಲ ಮುಂದ ನಿಂತೇನ್ರಿ. ಹದಿನೆಂಟು ವರ್ಷದ ನೌಕರಿ ಬಿಡಾಕತ್ತೇನ್ರಿ. ನೀವೊಮ್ಮೆ ಹೇಳಿಬಿಡ್ರಿ, ಲಾಂಡ್ರಿ ನಡೀತೈತಲ್ರಿ?"

ಬೇಡ ಎನ್ನಲು ಅವಳು ಬಾಯಿ ತೆರೆದಳು. ಅಷ್ಟು ನಂಬಿ ಕೇಳಿದವನಿಗೆ ಇಲ್ಲ ಅನ್ನುವುದು ಹೇಗೆ? ಶೇವಂತೆವ್ವ ಕೊಟ್ಟಿದ್ದ ಕಪ್ಪಿನ ಚಹಾ ತುಳುಕಿ ಬೆರಳು ಸುಟ್ಟಿತು.

"ಹೂಂ... ನಡೀತೈತ್ರಿ."

ತಾನೇನು ಅಂದೆ ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಆ ಕಡೆ ಬಾಗಿಲು ಕಿರುಗುಟ್ಟಿತು. "ಒಳಗ ಬರ್ಲೇನ್ರಿ ಸರ?" ಎನ್ನುತ್ತಿದ್ದ ಹುಲಗೇಶ.